ಬಂಡೀಪುರ ಸುಟ್ಟ ಮೇಲೆ ಮೊದಲು ವಾಪಸ್ ಬಂದವರು ಯಾರು?

(ಪಾಡ್‌ಕಾಸ್ಟ್ ಸಂಚಿಕೆಯ ಲಿಖಿತ ರೂಪ)

ಬಸ್ಸಲ್ಲಿ ನೇತಾಡ್ತಾ ಕೇಳ್ತಿರೋರಿಗೆ, ಪಾತ್ರೆ ತೊಳೀತಾ ಕೇಳ್ತಿರೋರಿಗೆ, ಆಫೀಸಲ್ಲಿ ಒಂದೇ ಕಿವಿಗೆ ಇಯರ್‌ಫೋನ್ ಸಿಕ್ಕಿಸ್ಕೊಂಡು ಕೇಳ್ತಿರೋರಿಗೆ, ಎಲ್ಲರಿಗೂ ಸ್ವಾಗತ. ಇವತ್ತು ಬೆಂಕಿ ಬಿದ್ದ ಕಾಡಿನ ಬಗ್ಗೆ ಮಾತಾಡೋಣ. ಬೆಂಕಿ ಬಿದ್ದ ದಿನದ ಬಗ್ಗೆ ಟಿವಿಯವರು ಬೇಕಾದಷ್ಟು ಹೇಳಿದ್ದಾರೆ. ನನಗೆ ಕುತೂಹಲ ಇರೋದು ಅದರ ಮರುದಿನದ ಬಗ್ಗೆ, ಮುಂದಿನ ತಿಂಗಳ ಬಗ್ಗೆ, ಮುಂದಿನ ಹತ್ತು ವರ್ಷದ ಬಗ್ಗೆ. ಓಡಿಹೋದ ಪ್ರಾಣಿಗಳು ವಾಪಸ್ ಬರ್ತಾವಾ? ಬಂದ್ರೆ ಯಾವಾಗ, ಯಾಕೆ? ಪ್ರಾಣಿ ಬಂದ ತಕ್ಷಣ ಕಾಡೂ ಬಂದ ಹಾಗಾಯ್ತಾ?

2019ರ ಫೆಬ್ರವರಿ ನೆನಪು ಮಾಡ್ಕೊಳ್ಳಿ. ಫೆಬ್ರವರಿ 23ರಂದು ಯಲಹಂಕದ ಏರೋ ಇಂಡಿಯಾ ಪಾರ್ಕಿಂಗ್‌ನಲ್ಲಿ ಬೆಂಕಿ ಬಿದ್ದು ಸುಮಾರು 300 ಕಾರು ಸುಟ್ಟು ಹೋದ್ವು. ಇಡೀ ಬೆಂಗಳೂರು ಅದನ್ನೇ ನೋಡ್ತಿತ್ತು. ಅದೇ ಹೊತ್ತಿಗೆ, ಇನ್ನೂರು ಕಿಲೋಮೀಟರ್ ಆಚೆ, ಬಂಡೀಪುರ ಹೊತ್ತಿ ಉರೀತಿತ್ತು. 21ನೇ ತಾರೀಖು ಕುಂದಕೆರೆ ವಲಯದ ಕಡೆ ಶುರುವಾದ ಬೆಂಕಿ ಗೋಪಾಲಸ್ವಾಮಿ ಬೆಟ್ಟದ ಕಡೆಗೆಲ್ಲ ಹಬ್ಬಿ, ಐದು ದಿನ ಆಟ ಆಡಿಸ್ತು. ಕೊನೆಗೆ ವಾಯುಪಡೆಯ ಹೆಲಿಕಾಪ್ಟರ್‌ಗಳು ದೊಡ್ಡ ಬಕೆಟ್‌ನಲ್ಲಿ ನೀರು ತಂದು ಸುರೀಬೇಕಾಯ್ತು. ಉಪಗ್ರಹ ಚಿತ್ರ ನೋಡಿ ಲೆಕ್ಕ ಹಾಕಿದಾಗ ಸುಟ್ಟ ಜಾಗ 10,000 ಎಕರೆಗೂ ಜಾಸ್ತಿ. ಒಣಗಿದ ಹುಲ್ಲು, ಜೋರು ಗಾಳಿ. ಯಲಹಂಕದಲ್ಲೂ ಅದೇ, ಬಂಡೀಪುರದಲ್ಲೂ ಅದೇ. ಕಾರುಗಳಿಗೆ ಇನ್ಶೂರೆನ್ಸ್ ಇತ್ತು.

ಆ ವಾರ ವಾಟ್ಸಾಪಲ್ಲಿ ಸುಟ್ಟ ಮೊಲ, ಸುಟ್ಟ ಕೋತಿಮರಿಯ ಫೋಟೋಗಳು ಓಡಾಡಿದ್ದು ನಿಮಗೂ ನೆನಪಿರಬಹುದು. ಅವುಗಳಲ್ಲಿ ಎಷ್ಟೋ ಬೇರೆ ಎಲ್ಲಿಯದೋ, ಯಾವಾಗಿನದೋ ಬೆಂಕಿಯ ಫೋಟೋಗಳು. ನಿಜ ಏನಪ್ಪಾ ಅಂದ್ರೆ, ಆನೆ, ಕಾಟಿ, ಜಿಂಕೆ, ಹುಲಿ ಇಂಥ ದೊಡ್ಡ ಪ್ರಾಣಿಗಳು ಹೊಗೆ ವಾಸನೆ ಬಂದ ಕೂಡಲೇ ಜಾಗ ಖಾಲಿ ಮಾಡ್ತಾವೆ. ನಮ್ಮ ಕಡೆಯ ಕಾಡುಬೆಂಕಿ ಹೆಚ್ಚಾಗಿ ನೆಲದ ಮೇಲೆ ಹರಿಯೋ ಬೆಂಕಿ. ತರಗೆಲೆ, ಹುಲ್ಲು, ಪೊದೆ ತಿಂದ್ಕೊಂಡು ಹೋಗುತ್ತೆ. ಅದರ ದಾರಿಯಲ್ಲಿ ಸಿಕ್ಕಿಹಾಕ್ಕೊಳ್ಳೋದು ಓಡೋಕೆ ಆಗದವು. ಆಮೆ, ಹಾವು, ನೆಲದ ಮೇಲಿನ ಗೂಡಲ್ಲಿರೋ ಮೊಟ್ಟೆ, ಆಗಷ್ಟೇ ಹುಟ್ಟಿದ ಮರಿ. ಇವು ಫೋಟೋಗೂ ಸಿಗಲ್ಲ, ಲೆಕ್ಕಕ್ಕೂ ಸಿಗಲ್ಲ. ಆಮೆ ಸತ್ತ ಸುದ್ದಿಗೆ ಯಾರೂ ಬ್ರೇಕಿಂಗ್ ನ್ಯೂಸ್ ಹಾಕಲ್ಲ.

ಹಾಗಂತ ನೆಲದೊಳಗಿನ ಲೋಕ ಪೂರ್ತಿ ಸಾಯಲ್ಲ. ಮಣ್ಣು ಒಳ್ಳೆ ಕಂಬಳಿ ಇದ್ದ ಹಾಗೆ. ಮೇಲೆ ಬೆಂಕಿ ಬೇಗ ದಾಟಿಹೋದ್ರೆ ಒಂದು ಗೇಣು ಕೆಳಗೆ ಬಿಸಿ ತಟ್ಟೋದೇ ಕಮ್ಮಿ. ಇರುವೆ, ಗೆದ್ದಲು, ಬಿಲದೊಳಗಿನ ಇಲಿ, ಚೇಳು ಸುಮಾರಾಗಿ ಬದುಕ್ಕೊಳ್ತಾವೆ. ಹುಲ್ಲಿನ ಬೇರೂ ಬದುಕಿರುತ್ತೆ. ಮುಂದಿನ ಕಥೆಗೆಲ್ಲ ಆಧಾರ ಈ ಬೇರು.

ಸರಿ, ಮೊದಲು ಬರೋರು ಯಾರು? ಬೆಂಕಿ ಇನ್ನೂ ಉರೀತಿರೋವಾಗಲೇ ಬರೋರಿದ್ದಾರೆ, ಹಕ್ಕಿಗಳು. ಬೆಂಕಿಯ ಮುಂದೆ ಮಿಡತೆ, ಜೀರುಂಡೆ ಎಲ್ಲ ಎದ್ದುಬಿದ್ದು ಹಾರ್ತಾವಲ್ಲ, ಅವನ್ನ ಹಿಡಿಯೋಕೆ ಕಾಜಾಣ ಬರುತ್ತೆ, ನೀಲಕಂಠ ಬರುತ್ತೆ, ಮೇಲೆ ಹದ್ದು ಸುತ್ತುತ್ತೆ. ನೀಲಕಂಠ ಅಂದ್ರೆ ನಮ್ಮ ರಾಜ್ಯಪಕ್ಷಿ. ಹೊಗೆ ಅಂಚಲ್ಲಿ ಅದು ನೀಲಿ ರೆಕ್ಕೆ ಬಿಚ್ಚಿ ಧುಮುಕೋದನ್ನ ನೋಡಿದ್ರೆ ಬೇಸರ ಪಡಬೇಕೋ, ಚೆಂದ ಅನ್ನಬೇಕೋ ಗೊತ್ತಾಗಲ್ಲ. ಒಬ್ಬರ ಮನೆ ಸುಡೋದು ಇನ್ನೊಬ್ಬರಿಗೆ ಹಬ್ಬದೂಟ. ಕಾಡಿಗೆ ನಮ್ಮ ಸಂಕಟ ಸಂಭ್ರಮದ ವಿಂಗಡಣೆ ಗೊತ್ತಿಲ್ಲ.

ಆಮೇಲೆ ಜಿಂಕೆ. ನೆಲ ಆರಿದ ಕೆಲವೇ ದಿನಕ್ಕೆ ಜಿಂಕೆಗಳು ಕರಿ ನೆಲಕ್ಕೆ ಕಾಲಿಡ್ತಾವೆ. ಬೂದಿ ನೆಕ್ತಾವೆ, ಅದರಲ್ಲಿರೋ ಖನಿಜಕ್ಕೆ. ಇನ್ನೊಂದೆರಡು ವಾರಕ್ಕೆ, ಬೇರಿನಲ್ಲಿ ತೇವ ಉಳಿದಿರೋ ಕಡೆ, ಮಳೆ ಬರೋ ಮುಂಚೆನೇ ಹುಲ್ಲು ಚಿಗುರುತ್ತೆ. ಸೂಜಿ ಮೊನೆಯಷ್ಟು. ಆದ್ರೆ ಆ ಮೊನೆ ಹಳೇ ಒರಟು ಹುಲ್ಲಿಗಿಂತ ಮೃದು, ಪ್ರೋಟೀನ್ ಜಾಸ್ತಿ. ಏಪ್ರಿಲ್ ಹೊತ್ತಿಗೆ ಒಂದೆರಡು ಅಡ್ಡಮಳೆ ಬಿದ್ರೆ ಮುಗೀತು, ಕರಿ ನೆಲದ ಮೇಲೆ ಹಸಿರು ಚೆಲ್ಲಿದ ಹಾಗಿರುತ್ತೆ. ಜಿಂಕೆ ಹಿಂಡು, ಕಾಟಿ ಹಿಂಡು, ಆನೆ ಎಲ್ಲ ಅಲ್ಲೇ. ಜಿಂಕೆಗೆ ಇನ್ನೊಂದು ಅನುಕೂಲ, ಪೊದೆ ಸುಟ್ಟುಹೋಗಿ ದೂರದವರೆಗೆ ಕಾಣುತ್ತೆ. ಹೊಂಚು ಹಾಕೋ ಹುಲಿ ಚಿರತೆಗೆ ಅಡಗೋಕೆ ಜಾಗ ಇಲ್ಲ. ಆದ್ರೆ ಓಡಿಸ್ಕೊಂಡೇ ಬೇಟೆ ಆಡೋ ಸೀಳುನಾಯಿಗಳಿಗೆ ಅಡಗುವ ಚಿಂತೆಯೇ ಇಲ್ಲ, ಅವು ಹಿಂದೇನೇ ಬರ್ತಾವೆ. ಮೊದಲ ಮಳೆಗೆ ಗೆದ್ದಲು ರೆಕ್ಕೆ ಕಟ್ಕೊಂಡು ಹೊರಗೆ ಬಂದ್ರೆ ಹಕ್ಕಿಗಳ ಜಾತ್ರೆ. ಹುತ್ತ ಕೆದಕೋಕೆ ಕರಡಿ.

ಮರಗಳನ್ನ ಮರೀಬಾರದು. ಬಂಡೀಪುರದ್ದು ಎಲೆ ಉದುರೋ ಒಣಕಾಡು. ತೇಗ, ದಿಂಡಿಗ, ಮತ್ತಿ, ನೆಲ್ಲಿ, ಮುತ್ತುಗ. ಮತ್ತಿ ಮರದ ತೊಗಟೆ ನೋಡಿದ್ದೀರಾ? ಥೇಟ್ ಮೊಸಳೆ ಚರ್ಮ. ಅಷ್ಟು ದಪ್ಪ ತೊಗಟೆ ಇರೋದ್ರಿಂದ ನೆಲದ ಬೆಂಕಿ ದೊಡ್ಡ ಮರಕ್ಕೆ ಅಷ್ಟಾಗಿ ತಾಕಲ್ಲ. ಬುಡ ಕಪ್ಪಾಗಿರುತ್ತೆ, ತಲೆ ಚಿಗುರ್ತಿರುತ್ತೆ. ಮುತ್ತುಗವಂತೂ ಬೆಂಕಿ ಕಾಲದಲ್ಲೇ, ಒಂದೆಲೆ ಇಲ್ಲದೆ, ಮೈತುಂಬ ಕೆಂಪು ಹೂ ಬಿಟ್ಟು ನಿಂತಿರುತ್ತೆ. ಸುತ್ತ ಎಲ್ಲ ಕರಿ, ನಡುವೆ ಅದೊಂದು ಕೆಂಪು. ಅದರ ಮಕರಂದಕ್ಕೆ ಗೊರವಂಕ, ಕಾಜಾಣಗಳ ಗಲಾಟೆ. ನಿಂತಲ್ಲೇ ಸತ್ತ ಮರವೂ ವ್ಯರ್ಥ ಅಲ್ಲ. ಅದರೊಳಗೆ ಹುಳ ಸೇರುತ್ತೆ, ಹುಳಕ್ಕೆ ಮರಕುಟಿಗ ಬರುತ್ತೆ, ಮರಕುಟಿಗ ಕೊರೆದ ಪೊಟರೆಗೆ ಮುಂದಿನ ವರ್ಷ ಗಿಳಿಯೋ ಗೂಬೆಯೋ ಬಾಡಿಗೆಗೆ ಬರುತ್ತೆ.

ಅದೇ 2019ರ ಮೇ ತಿಂಗಳಲ್ಲಿ ಗುಂಡ್ಲುಪೇಟೆಯಿಂದ ಊಟಿ ಬಸ್ ಹತ್ತಿದ್ದೆ. ಮೇಲುಕಾಮನಹಳ್ಳಿ ಗೇಟ್ ದಾಟಿದ ಮೇಲೆ ಬಸ್ಸಲ್ಲಿದ್ದೋರೆಲ್ಲ ಕಿಟಕಿಗೆ ಅಂಟ್ಕೊಂಡ್ರು. ರಸ್ತೆ ಪಕ್ಕ ಹಸಿರು, ಹಸಿರಿನ ಮೇಲೆ ಜಿಂಕೆ. ಮುಂದಿನ ಸೀಟಿನ ಅಂಕಲ್ಲು, ‘ನೋಡ್ರಿ, ಟಿವಿಯವರು ಕಾಡೇ ಹೋಯ್ತು ಅಂದಿದ್ರು, ಏನಾಗಿದೆ ಇದಕ್ಕೆ? ಮೊದಲಿಗಿಂತ ಚೆನ್ನಾಗಿದೆ’ ಅಂದ್ರು. ಅವರು ಹೇಳಿದ್ದು ಕಣ್ಣಿಗೆ ಕಂಡಿದ್ದನ್ನೇ. ಬಹಳಷ್ಟು ಜನ ಇವತ್ತಿಗೂ ಹಾಗೇ ಹೇಳ್ತಾರೆ. ಸುಟ್ರೆ ಒಳ್ಳೇದೇ ಆಯ್ತಲ್ಲ, ಜಿಂಕೆ ಬಂತಲ್ಲ ಅಂತ.

ಇಲ್ಲಿ ನನ್ನ ಬಿ.ಕಾಂ ಸ್ವಲ್ಪ ಉಪಯೋಗಕ್ಕೆ ಬರುತ್ತೆ. ಒಂದು ಅಂಗಡಿ ಚೆನ್ನಾಗಿ ನಡೀತಿದೆಯಾ ಅಂತ ನೋಡೋಕೆ ಗಲ್ಲಾಪೆಟ್ಟಿಗೆ ಒಂದನ್ನೇ ನೋಡಿದ್ರೆ ಸಾಲಲ್ಲ. ಮಾಲೀಕ ಗೋಡೌನ್ ಮಾರಿ ಗಲ್ಲಾ ತುಂಬಿಸಿರಬಹುದು. ಹುಲ್ಲು ಕಾಡಿನ ಗಲ್ಲಾಪೆಟ್ಟಿಗೆ. ಬೇಗ ತುಂಬುತ್ತೆ, ಬೇಗ ಖಾಲಿಯಾಗುತ್ತೆ, ಎಲ್ಲರ ಕಣ್ಣಿಗೂ ಬೀಳುತ್ತೆ. ಮರದ ಸಸಿಗಳು ಕಾಡಿನ ಬಂಡವಾಳ. ಮಂಡಿಯುದ್ದದ, ಎದೆಯುದ್ದದ ಎಳೆ ಮರಕ್ಕೆ ಇನ್ನೂ ದಪ್ಪ ತೊಗಟೆ ಬಂದಿರಲ್ಲ. ನೆಲದ ಬೆಂಕಿ ಸುಡೋದು ಅದನ್ನೇ. ಬೇರಿಂದ ಮತ್ತೆ ಚಿಗುರುತ್ತೆ, ನಿಜ. ಆದ್ರೆ ಎದೆಯುದ್ದ ಬಂದಿದ್ದು ಮತ್ತೆ ಪಾದದಿಂದ ಶುರು ಮಾಡಬೇಕು. ಬೆಂಕಿಗೆ ಸಿಗದಷ್ಟು ಎತ್ತರ, ದಪ್ಪ ಬೆಳೆಯೋಕೆ ಅದಕ್ಕೆ ಕೆಲವು ವರ್ಷ ಬಿಡುವು ಬೇಕು. ಆ ಬಿಡುವು ಸಿಗೋ ಮುಂಚೆ ಮತ್ತೆ ಬೆಂಕಿ ಬಿದ್ರೆ, ಮತ್ತೆ ಪಾದದಿಂದ. ಹೀಗೇ ಆಗ್ತಾ ಹೋದ್ರೆ ಆ ಕಾಡಲ್ಲಿ ಅಜ್ಜ ಅಜ್ಜಿಯರು ಇರ್ತಾರೆ, ಮೊಮ್ಮಕ್ಕಳು ಇರಲ್ಲ.

ಇದನ್ನ ಸುಮ್ನೆ ಊಹೆ ಮಾಡಿ ಹೇಳ್ತಿಲ್ಲ. ಬಂಡೀಪುರಕ್ಕೆ ಅಂಟ್ಕೊಂಡಿರೋ ಮುದುಮಲೈನಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊಫೆಸರ್ ರಾಮನ್ ಸುಕುಮಾರ್ ಮತ್ತು ಅವರ ತಂಡ 1988ರಲ್ಲಿ 50 ಹೆಕ್ಟೇರ್ ಕಾಡನ್ನ ಗುರುತು ಮಾಡಿ, ಅಲ್ಲಿನ ಒಂದೊಂದು ಮರಕ್ಕೂ ನಂಬರ್ ಕೊಟ್ಟು, ವರ್ಷ ವರ್ಷ ಲೆಕ್ಕ ತಗೊಳ್ತಾ ಬಂದಿದ್ದಾರೆ. ದೊಡ್ಡ ಮರಗಳು ಬೆಂಕಿ ತಡ್ಕೊಳ್ತಾವೆ, ಸಣ್ಣವು ಹೋಗ್ತಾವೆ ಅನ್ನೋದು ಅಲ್ಲಿ ಮತ್ತೆ ಮತ್ತೆ ಕಂಡಿದೆ. ಅದೇ ಮುದುಮಲೈನ ಹಳೇ ದಾಖಲೆಗಳನ್ನ, ಅಂದ್ರೆ ಬ್ರಿಟಿಷರ ಕಾಲದ, 1910ರ ದಶಕದ ಅರಣ್ಯ ದಾಖಲೆಗಳನ್ನ ಇತ್ತೀಚಿನ ದಶಕಗಳ ಜೊತೆ ಹೋಲಿಸಿದ ಅಧ್ಯಯನವೂ ಇದೆ. ಆಗ ಒಂದು ಜಾಗಕ್ಕೆ ಮತ್ತೆ ಬೆಂಕಿ ಬೀಳೋಕೆ ಸರಾಸರಿ ಹತ್ತು ವರ್ಷದ ಹತ್ತಿರ ಹಿಡೀತಿದ್ರೆ, ಈಗ ಸುಮಾರು ಮೂರು ವರ್ಷ. ಬೆಂಕಿ ಹೊಸದಲ್ಲ. ಬಿಡುವು ಕಮ್ಮಿಯಾಗಿರೋದು ಹೊಸದು.

ಇನ್ನೊಬ್ಬ ಗಿರಾಕಿ ಇದ್ದಾನೆ, ಸುಟ್ಟ ನೆಲಕ್ಕೆ ಎಲ್ಲರಿಗಿಂತ ಜೋರಾಗಿ ವಾಪಸ್ ಬರೋನು. ಲಂಟಾನ. ನಿಮ್ಮೂರ ಬೇಲಿಯಲ್ಲಿ ಹಳದಿ ಗುಲಾಬಿ ಪುಟಾಣಿ ಹೂಗೊಂಚಲು ಇರೋ ಗಿಡ ಇರುತ್ತಲ್ಲ, ಮುಟ್ಟಿದ್ರೆ ಕೈಯೆಲ್ಲ ಘಾಟು ವಾಸನೆ, ಅದೇ. ಅಮೆರಿಕ ಖಂಡದಿಂದ ಬ್ರಿಟಿಷರು ಚೆಂದಕ್ಕೆ ಅಂತ ಇನ್ನೂರು ವರ್ಷದ ಹಿಂದೆ ತಂದಿದ್ದು. ಈಗ ನಮ್ಮ ಒಣಕಾಡುಗಳ ನೆಲವನ್ನೇ ಆಳ್ತಿದೆ. ಒಣಗಿದಾಗ ಅದು ಸೌದೆ ಒಟ್ಟಿದ ಹಾಗೆ, ನೆಲದ ಬೆಂಕಿಗೆ ಮರ ಹತ್ತೋಕೆ ಏಣಿ ಕೊಡುತ್ತೆ. ಸುಟ್ಟ ಮೇಲೆ ಬುಡದಿಂದ ಮತ್ತೆ ಚಿಗುರುತ್ತೆ. ಹಣ್ಣು ತಿಂದ ಹಕ್ಕಿಗಳು ಬೀಜವನ್ನ ಊರೆಲ್ಲ ಹಂಚ್ತಾವೆ. ಅದರ ಕೆಳಗೆ ಹುಲ್ಲು ಬೆಳೆಯಲ್ಲ. ಅಂದ್ರೆ ಮೊದಲ ವರ್ಷ ಜಿಂಕೆ ಮೇಯ್ದ ಹಸಿರು ಇತ್ತಲ್ಲ, ಲಂಟಾನ ಬಂದ ಕಡೆ ಎರಡು ಮೂರು ವರ್ಷಕ್ಕೆ ಅದು ಇರಲ್ಲ. ದೂರದಿಂದ ನೋಡಿದ್ರೆ ಕಾಡು ದಟ್ಟವಾಗಿ, ಹಸಿರಾಗಿ ಕಾಣುತ್ತೆ. ಜಿಂಕೆಗೆ ಅದು ಖಾಲಿ ತಟ್ಟೆ.

ಈಗ ಕಥೆ ಸ್ವಲ್ಪ ಜಟಿಲ ಆಗುತ್ತೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಬೆಂಕಿಯ ಬಗ್ಗೆ ಹೇಳೋದೇ ಬೇರೆ. ಅವರ ಹಿರಿಯರು ತರಗು ಬೆಂಕಿ ಹಾಕ್ತಿದ್ರು. ಬೇಸಿಗೆ ಏರೋ ಮುಂಚೆ, ಇನ್ನೂ ತೇವ ಇರೋವಾಗ, ಒಣ ಎಲೆಗೆ ಸಣ್ಣ ಬೆಂಕಿ. ಅದು ತರಗನ್ನಷ್ಟೇ ತಿಂದು, ಮಂಡಿ ಮಟ್ಟಕ್ಕೂ ಏಳದೆ ಆರಿಹೋಗ್ತಿತ್ತು. ಅದರಿಂದ ಲಂಟಾನದ ಎಳೆ ಗಿಡ ಸಾಯ್ತಿತ್ತು, ನೆಲ್ಲಿಮರಕ್ಕೆ ಅಂಟೋ ಉಪ್ಪಿಲು ಅನ್ನೋ ಬಂದಳಿಕೆಯೂ ಹತೋಟಿಯಲ್ಲಿರ್ತಿತ್ತು ಅಂತ ಅವರ ವಿವರಣೆ. 1972ರ ವನ್ಯಜೀವಿ ಕಾಯ್ದೆ ಬಂತು, ಬೆಟ್ಟ ಅಭಯಾರಣ್ಯ ಆಯ್ತು, ಬೆಂಕಿ ಹಾಕೋದು ಅಪರಾಧ ಆಯ್ತು. ಅಲ್ಲಿಂದ ಲಂಟಾನ ನುಗ್ಗಿದ ವೇಗ ನೋಡಿ. ಏಟ್ರೀ ಸಂಸ್ಥೆಯ ಸಂಶೋಧಕರು ಬಿಳಿಗಿರಿಯಲ್ಲಿ 1997ರಲ್ಲಿ ಒಮ್ಮೆ, 2008ರಲ್ಲಿ ಒಮ್ಮೆ ಸಮೀಕ್ಷೆ ಮಾಡಿದ್ರು. ಲಂಟಾನ ಕಂಡ ಜಾಗಗಳ ಪ್ರಮಾಣ ಆ ಹನ್ನೊಂದು ವರ್ಷದಲ್ಲಿ ಹತ್ತಿರ ಹತ್ತಿರ ದುಪ್ಪಟ್ಟಾಗಿತ್ತು.

ಹಾಗಾದ್ರೆ ಬೆಂಕಿ ಒಳ್ಳೇದಾ ಕೆಟ್ಟದ್ದಾ? ಕಾಮೆಂಟಲ್ಲಿ ಈ ಜಗಳ ನಡೆಯುತ್ತೆ ಅಂತ ಈಗಲೇ ಗೊತ್ತು ನಂಗೆ. ನನ್ನ ಅಭಿಪ್ರಾಯ ಕೇಳಿದ್ರೆ ಪ್ರಶ್ನೆನೇ ಸರಿ ಇಲ್ಲ. ಜನವರಿಯ ತರಗು ಬೆಂಕಿ ಬೇರೆ, ಫೆಬ್ರವರಿ ಕೊನೆಗೆ ಆಳೆತ್ತರದ ಒಣ ಲಂಟಾನ, ಹೂ ಬಿಟ್ಟು ಸತ್ತ ಬಿದಿರು ಮೆಳೆ ಎಲ್ಲ ಸೇರಿ ಉರಿಯೋ ಬೆಂಕಿ ಬೇರೆ. ಎರಡಕ್ಕೂ ಒಂದೇ ಹೆಸರು ಇರೋದೇ ಸಮಸ್ಯೆ. ಈಗ ಯಾರಾದ್ರೂ ಸೋಲಿಗರ ಹೆಸರು ಹೇಳ್ಕೊಂಡು ಲಂಟಾನ ತುಂಬಿದ ಕಾಡಿಗೆ ಕಡ್ಡಿ ಗೀರಿದ್ರೆ ಅದು ತರಗು ಬೆಂಕಿ ಆಗಲ್ಲ. ಮೊದಲು ಲಂಟಾನ ಕೀಳಬೇಕು, ಅದು ದುಡ್ಡಿನ ಕೆಲಸ, ವರ್ಷಗಟ್ಟಲೆಯ ಕೆಲಸ. (ಕಿತ್ತ ಲಂಟಾನದಿಂದ ಮಲೆ ಮಹದೇಶ್ವರ ಬೆಟ್ಟದ ಕಡೆ ಕುರ್ಚಿ, ಬುಟ್ಟಿ ಮಾಡ್ತಾರೆ. ನಿಜಗಾತ್ರದ ಆನೆಗಳನ್ನೂ ಮಾಡ್ತಾರೆ, 2024ರಲ್ಲಿ ಲಾಲ್‌ಬಾಗ್‌ನಲ್ಲಿ ನಿಲ್ಲಿಸಿದ್ರಲ್ಲ, ನೀವು ಸೆಲ್ಫಿ ತಗೊಂಡಿರ್ತೀರಿ, ಆ ಆನೆಗಳು ಲಂಟಾನದವೇ.)

ಹೊರದೇಶದ ಒಂದು ಉದಾಹರಣೆ ಬೇಗ ಹೇಳಿಬಿಡ್ತೀನಿ, ಯಾಕಂದ್ರೆ ಯೂಟ್ಯೂಬಲ್ಲಿ ಎಲ್ಲರೂ ಅದನ್ನೇ ತೋರಿಸ್ತಾರೆ. ಅಮೆರಿಕದ ಯೆಲ್ಲೋಸ್ಟೋನ್. 1988ರಲ್ಲಿ ಅಲ್ಲಿ ಸುಮಾರು 7.9 ಲಕ್ಷ ಎಕರೆಗೆ ಬೆಂಕಿ ತಗುಲ್ತು, ಉದ್ಯಾನದ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ. ಅಲ್ಲಿನ ಲಾಜ್‌ಪೋಲ್ ಪೈನ್ ಮರಗಳಲ್ಲಿ ಎಷ್ಟೋ ಮರಗಳ ಕಾಯಿ ಅಂಟಿನಿಂದ ಮುಚ್ಚಿರುತ್ತೆ, ಬೆಂಕಿಯ ಬಿಸಿ ತಾಗಿದ್ರೇನೇ ಬಿರಿದು ಬೀಜ ಉದುರೋದು. ಹಾಗಾಗಿ ಕಾಡು ತಾನಾಗೇ ಎದ್ದು ನಿಲ್ತು. ಆದ್ರೆ ಇಲ್ಲೂ ಒಂದು ಲೆಕ್ಕ ಇದೆ. ಸಾವಿರಾರು ಎಲ್ಕ್‌ಗಳಿದ್ದ ಜಾಗದಲ್ಲಿ ಬೆಂಕಿಗೆ ನೇರವಾಗಿ ಸತ್ತಿದ್ದು ಸುಮಾರು 345. ಅದಾದ ಮೇಲೆ ಬಂದ ಚಳಿಗಾಲದಲ್ಲಿ, ಬರ ಮತ್ತು ಬೆಂಕಿಯಿಂದ ಮೇವು ಕಮ್ಮಿಯಾಗಿ, ಅದಕ್ಕಿಂತ ಎಷ್ಟೋ ಪಾಲು ಹೆಚ್ಚು ಸತ್ವು. ಬೆಂಕಿ ಬಿದ್ದ ದಿನದ ಸಾವಿನ ಲೆಕ್ಕ ಪೂರ್ತಿ ಲೆಕ್ಕ ಅಲ್ಲ.

ನಮ್ಮಲ್ಲಿ ಚಳಿಗಾಲದ ಬದಲು ಬೇಸಿಗೆ. ಫೆಬ್ರವರಿಯಲ್ಲಿ ಸುಟ್ರೆ ಮಳೆ ಬರೋವರೆಗೆ ಸುಟ್ಟ ಕಡೆ ಆನೆಗೆ ಮೇವಿಲ್ಲ. ಆನೆಗೆ ದಿನಕ್ಕೆ ನೂರು ಕೆಜಿಗೂ ಹೆಚ್ಚು ಮೇವು ಬೇಕು. ಅದು ಎಲ್ಲಿಗೆ ಹೋಗುತ್ತೆ? ಕಾಡಂಚಿನ ಹೊಲಕ್ಕೆ. ಬಾಳೆ, ಕಬ್ಬು, ತೆಂಗಿನ ಸಸಿ. ಬೆಂಗಳೂರಲ್ಲಿ ಕೂತು ‘ಪ್ರಾಣಿಗಳು ವಾಪಸ್ ಬಂದ್ವು’ ಅಂತ ನಾವು ಖುಷಿಪಡೋ ಹೊತ್ತಿಗೆ, ಗುಂಡ್ಲುಪೇಟೆ ಕಡೆಯ ರೈತ ಟಾರ್ಚು, ಪಟಾಕಿ ಹಿಡ್ಕೊಂಡು ಅಟ್ಟಣೆ ಮೇಲೆ ರಾತ್ರಿ ಕಳೀತಿರ್ತಾನೆ. ಪ್ರಾಣಿ ಅವನ ಹೊಲಕ್ಕೂ ಬಂದಿರುತ್ತೆ.

ಮತ್ತೆ, ಬೆಂಕಿ ಹಚ್ಚೋದು ಯಾರು? ನಮ್ಮ ಕಾಡಲ್ಲಿ ಸಿಡಿಲಿಂದ ಬೆಂಕಿ ಬೀಳೋದು ಅಪರೂಪ. ಬಹುಪಾಲು ಮನುಷ್ಯರ ಕೈ. ಕಾರಲ್ಲಿ ಹೋಗೋನು ಎಸೆದ ಸಿಗರೇಟು ಇರಬಹುದು, ದನಕ್ಕೆ ಎಳೆ ಹುಲ್ಲು ಬರಲಿ ಅಂತ ಹಚ್ಚಿದ್ದಿರಬಹುದು, ಉದುರಿದ ಕೊಂಬು ಕಾಣಲಿ ಅಂತ, ಇಲಾಖೆ ಮೇಲಿನ ಸಿಟ್ಟಿಗೆ. ಈ ಕೊನೆಯದನ್ನ ನಾವು ಸುಲಭವಾಗಿ ‘ಕಿಡಿಗೇಡಿಗಳು’ ಅಂದು ಮುಗಿಸ್ತೀವಿ. ಕಿಡಿಗೇಡಿ, ಹೆಸರಲ್ಲೇ ಕಿಡಿ ಇದೆ ನೋಡಿ. ಹಚ್ಚಿದ್ದು ತಪ್ಪೇ, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಬೆಳೆ ಪರಿಹಾರಕ್ಕೆ ಅಲೆದು ಅಲೆದು ಸಾಕಾದ ಊರು, ಕಾಡಿಗೆ ಬೆಂಕಿ ಬಿದ್ದಾಗ ಸೊಪ್ಪು ಮುರ್ಕೊಂಡು ಆರಿಸೋಕೆ ಓಡಿ ಬರಬೇಕು ಅಂತ ನಾವು ಬಯಸೋದಾದ್ರೆ, ಆ ಊರಿಗೂ ಕಾಡಿಗೂ ನಡುವೆ ಏನಾದ್ರೂ ಸಂಬಂಧ ಉಳಿದಿರಬೇಕಲ್ವಾ? 2011ರಲ್ಲಿ ಬಿಳಿಗಿರಿಯ ಸೋಲಿಗರಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ತು. ಹುಲಿ ರಕ್ಷಿತ ಪ್ರದೇಶವೊಂದರಲ್ಲಿ ದೇಶದಲ್ಲೇ ಮೊದಲು. ಕಾಡು ನಮ್ಮದು ಅಂತ ಕಾಗದದ ಮೇಲೂ ಇದ್ದೋರು ಬೆಂಕಿ ನೋಡೋ ರೀತಿನೇ ಬೇರೆ ಇರುತ್ತೆ.

ಆರಿಸೋರ ಬಗ್ಗೆಯೂ ಹೇಳಬೇಕು. ಜನವರಿಯಿಂದ ಮಳೆ ಬರೋವರೆಗೆ ಫೈರ್ ವಾಚರ್ ಅಂತ ದಿನಗೂಲಿಗೆ ತಗೊಳ್ತಾರೆ. ಹೆಚ್ಚಿನವರು ಕಾಡಂಚಿನ ಆದಿವಾಸಿ ಹುಡುಗರು, ನಮ್ಮ ನಿಮ್ಮ ವಯಸ್ಸಿನೋರು. ಬೇಸಿಗೆಗೆ ಮುಂಚೆ ಬೆಂಕಿ ರೇಖೆ ಸುಟ್ಟು ಗುಡಿಸೋದು, ಆಮೇಲೆ ಕಾವಲು, ಹೊತ್ತಿಕೊಂಡಾಗ ಹಸಿ ಸೊಪ್ಪಿನ ಬರಲಲ್ಲಿ ಬಡಿದು ಆರಿಸೋದು. ಹೆಲಿಕಾಪ್ಟರ್ ಬರೋದು ಐದನೇ ದಿನ. ಮೊದಲ ನಾಲ್ಕು ದಿನ ಸೊಪ್ಪೇ. 2017ರಲ್ಲಿ ಇದೇ ಬಂಡೀಪುರದ ಕಲ್ಕೆರೆ ವಲಯದಲ್ಲಿ ಬೆಂಕಿ ಆರಿಸೋಕೆ ಹೋದ ಅರಣ್ಯ ರಕ್ಷಕರೊಬ್ಬರು ಸುಟ್ಟು ಸತ್ರು. ಸುಟ್ಟ ನೆಲಕ್ಕೆ ಹುಲ್ಲು ಬಂತು, ಜಿಂಕೆ ಬಂತು, ಅವರು ಬರಲಿಲ್ಲ.

ಕೊನೆಗೆ ಕೆಲವು ಕೆಲಸದ ಮಾತು, ಯಾಕಂದ್ರೆ ಪ್ರತಿ ಬೆಂಕಿ ಆದ್ಮೇಲೂ ‘ನಾವೇನ್ ಮಾಡಬಹುದು ಬ್ರೋ’ ಅಂತ ಮೆಸೇಜ್ ಬರುತ್ತೆ. ದಯವಿಟ್ಟು ವೀಕೆಂಡಲ್ಲಿ ಬೀಜದುಂಡೆ ತಗೊಂಡು ಸುಟ್ಟ ಕಾಡಿಗೆ ಹೋಗ್ಬೇಡಿ. ಬೇರು ಅಲ್ಲೇ ಇದೆ, ಬೀಜವೂ ಅಲ್ಲೇ ಇದೆ, ಅದಕ್ಕೆ ಬೇಕಿರೋದು ಬಿಡುವು. ಅದರ ಬದಲು ನಿಮ್ಮ ಫೋನನ್ನೇ ಬಳಸಿ. ಭಾರತೀಯ ಅರಣ್ಯ ಸರ್ವೇಕ್ಷಣಾ ಸಂಸ್ಥೆ ಉಪಗ್ರಹದಿಂದ ಕಂಡ ಬೆಂಕಿಯ ಎಚ್ಚರಿಕೆಯನ್ನ ಎಸ್ಸೆಮ್ಮೆಸ್ ಮಾಡುತ್ತೆ. ಅವರ ಪೋರ್ಟಲ್‌ನಲ್ಲಿ ಸಾಮಾನ್ಯ ಜನರೂ ತಮಗೆ ಬೇಕಾದ ಪ್ರದೇಶಕ್ಕೆ ಹೆಸರು ನೋಂದಾಯಿಸಬಹುದು. ಜನವರಿಯಿಂದ ಮೇವರೆಗೆ ನಿಮ್ಮ ಜಿಲ್ಲೆಯಲ್ಲಿ ಎಲ್ಲೆಲ್ಲಿ, ಎಷ್ಟೆಷ್ಟು ಸಲ ಬೀಳುತ್ತೆ ಅಂತ ನೀವೇ ನೋಡಿ. ಊಟಿಗೆ ಹೋಗೋವಾಗ ಹೊಗೆ ಕಂಡ್ರೆ ರೀಲ್ ಮಾಡೋ ಮುಂಚೆ ಅರಣ್ಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ, ಜಾಗ ಹೇಳಿ.

ಕಾಡಂಚಿನ ಊರುಗಳಿಂದ ಕೇಳ್ತಿರೋರು ಯಾರಾದ್ರೂ ಇದ್ರೆ, ನಿಮ್ಮ ಕಡೆ ಬೆಂಕಿ ಬಿದ್ದ ಜಾಗದಲ್ಲಿ ಈಗ ಏನು ಬೆಳೆದಿದೆ, ಹುಲ್ಲೋ ಲಂಟಾನವೋ, ಎಳೆ ಮರ ಇದೆಯೋ ಇಲ್ವೋ, ನೋಡಿ ಒಂದು ವಾಯ್ಸ್ ಮೆಸೇಜ್ ಕಳಿಸಿ. ಮುಂದಿನ ವಾರ ಅವುಗಳನ್ನೇ ಕೇಳಿಸ್ತೀನಿ. ಸಿಗೋಣ.